ಅಳಿಸಿದರೂ ಮರಳುವ ಸೆಟ್ಟಿಂಗ್ಸ್

ಗೇಮ್ ತೆರೆದರೆ ಬರೀ ಕಪ್ಪು ಪರದೆ. ಬಲ್ಲವರು ಹೇಳುವ ಮೊದಲ ಉಪಾಯ, ಸೆಟ್ಟಿಂಗ್ಸ್ ಫೈಲ್ ಅಳಿಸಿಬಿಡಿ, ಗೇಮ್ ಹೊಸದನ್ನು ತಾನೇ ಬರೆದುಕೊಳ್ಳುತ್ತದೆ ಎಂಬುದು. ಅಳಿಸಿ ಮತ್ತೆ ತೆರೆದರೂ ಹಲವು ಸಲ ಅದೇ ಕಪ್ಪು ಪರದೆ. ಸೆಟ್ಟಿಂಗ್ಸನ್ನೂ ಕ್ಲೌಡ್‌ಗೆ ಸೇರಿಸಿರುವ ಗೇಮ್‌ಗಳ ಪಾಡು ಇದು. ವಾಲ್ವ್ ಕಂಪನಿ ತನ್ನ ಆನ್‌ಲೈನ್ ಗೇಮ್ ಅಂಗಡಿ ಸ್ಟೀಮ್‌ಗೆ 2008ರಲ್ಲಿ ತಂದ ಸ್ಟೀಮ್ ಕ್ಲೌಡ್, ಆಟ ಶುರುವಾಗುವ ಮುನ್ನ ಫೈಲ್‌ಗಳನ್ನು ಇಳಿಸಿಕೊಳ್ಳುತ್ತದೆ, ಮುಗಿದ ಮೇಲೆ ಏರಿಸುತ್ತದೆ. ನಾವು ಬೇಕೆಂದೇ ಅಳಿಸಿದ್ದನ್ನು ಕಳೆದುಹೋಯಿತೆಂದು ತಿಳಿದು ಹಳೆಯದನ್ನೇ ತಂದಿಡುತ್ತದೆ.

ತಪ್ಪು ಕ್ಲೌಡ್‌ನದಲ್ಲ, ಅದರೊಳಗೆ ಏನು ಹಾಕಬೇಕೆಂದು ಯೋಚಿಸದ ಗೇಮ್ ತಯಾರಕರದು. ಸೇವ್ ಫೈಲ್ ಆಡುವವರ ಗಳಿಕೆ, ಅವರು ಹೋದಲ್ಲೆಲ್ಲ ಹೋಗಬೇಕು. ರೆಸಲ್ಯೂಶನ್ ಆಯಾ ಯಂತ್ರದ ಸ್ವತ್ತು. 1280×800 ಪರದೆಯ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೂ ಮೇಜಿನ ಮೇಲಿನ 4ಕೆ ಮಾನಿಟರ್‌ಗೂ ಒಂದೇ ಅಳತೆ ಹೊಂದುವುದಾದರೂ ಹೇಗೆ? ವಿಡಿಯೋ ಸೆಟ್ಟಿಂಗ್ಸನ್ನು ಕ್ಲೌಡ್‌ಗೆ ಹಾಕಬೇಡಿ ಎಂದು ವಾಲ್ವ್ ಕೂಡ ತಯಾರಕರಿಗೆ ಹೇಳುತ್ತದೆ.

ಎರಿಕ್ ಬರೋನ್ ಒಬ್ಬರೇ ಕೂತು ಮಾಡಿದ ಬೇಸಾಯದ ಗೇಮ್ ‘ಸ್ಟಾರ್‌ಡ್ಯೂ ವ್ಯಾಲಿ’ (2016) ನನಗೆ ಇಷ್ಟವಾಗುವುದು ಇಲ್ಲಿಯೇ. ಹೊಲ, ದನ, ಸ್ನೇಹ ಎಲ್ಲ ‘ಸೇವ್ಸ್’ ಫೋಲ್ಡರ್‌ನಲ್ಲಿ. ಅದರ ಹೊರಗೆ ‘ಸ್ಟಾರ್ಟಪ್ ಪ್ರಿಫರೆನ್ಸಸ್’ ಎಂಬ ಪುಟ್ಟ ಫೈಲ್. ಪರದೆ ಕೈಕೊಟ್ಟರೆ ಅದನ್ನು ತೆಗೆದರಾಯಿತು, ಹೊಲಕ್ಕೆ ಏನೂ ಆಗದು. ಜೊತೆಗೆ ಹಿಂದಿನ ಸೇವ್‌ನ ಒಂದು ನಕಲನ್ನು ‘ಓಲ್ಡ್’ ಎಂಬ ಬಾಲ ಹಚ್ಚಿ ಅಲ್ಲೇ ಇಟ್ಟಿರುತ್ತದೆ. ಆಡುವವರ ಬಗ್ಗೆ ಕಾಳಜಿ ಇದ್ದರೆ ಮಾತ್ರ ಹೊಳೆಯುವ ಏರ್ಪಾಡು.

ಉಳಿದ ಕಡೆ ಸುತ್ತುದಾರಿಯೇ ಗತಿ. ಸ್ಟೀಮ್‌ನಲ್ಲಿ ಆ ಗೇಮ್‌ನ ಪ್ರಾಪರ್ಟೀಸ್‌ಗೆ ಹೋಗಿ ಕ್ಲೌಡ್ ಆಫ್ ಮಾಡಿ, ಸೇವ್ ಫೋಲ್ಡರನ್ನು ಬೇರೆಡೆ ನಕಲು ಮಾಡಿಟ್ಟು, ಸೆಟ್ಟಿಂಗ್ಸ್ ಅಳಿಸಿ, ಒಮ್ಮೆ ಆಡಿ ಮುಚ್ಚಿ, ಮತ್ತೆ ಆನ್ ಮಾಡಬೇಕು. ಆಗ ಬಹುಮಟ್ಟಿಗೆ ಒಂದು ಕಿಟಕಿ ತೆರೆದುಕೊಂಡು, ಕಂಪ್ಯೂಟರ್‌ನಲ್ಲಿರುವುದು ಬೇಕೋ ಕ್ಲೌಡ್‌ನಲ್ಲಿರುವುದು ಬೇಕೋ ಎಂದು ಕೇಳುತ್ತದೆ. ಸ್ಟೀಮ್‌ನ ಇಡೀ ವ್ಯವಸ್ಥೆಯಲ್ಲಿ ನನಗೆ ದೊಡ್ಡ ತಕರಾರಿರುವುದು ಈ ಕಿಟಕಿಯ ಬಗ್ಗೆ. ನೂರು ಗಂಟೆಯ ಆಟ ಯಾವುದರಲ್ಲಿದೆ, ನಿನ್ನೆ ಶುರು ಮಾಡಿದ್ದು ಯಾವುದು ಎಂದು ಅದು ಹೇಳುವುದಿಲ್ಲ. ಫೈಲ್ ಬದಲಾದ ದಿನ, ಹೊತ್ತು ತೋರಿಸುತ್ತದೆ. ಹೊಸದಾಗಿ ಶುರುವಾದ ಖಾಲಿ ಸೇವ್‌ಗೇ ಈಚಿನ ಹೊತ್ತು ಇರುವುದರಿಂದ, ಹೊತ್ತು ನೋಡಿ ಒತ್ತಿದವರು ತಿಂಗಳುಗಟ್ಟಲೆಯ ಆಟ ಕಳೆದುಕೊಳ್ಳಬಹುದು. ಎರಡನ್ನೂ ಉಳಿಸಿಕೊಳ್ಳುವ ಮೂರನೆಯ ಬಟನ್ ಅಲ್ಲಿ ಬರಲೇಬೇಕು.