ಮೊಸ್ಕೇನಿಯ ಗೋಡೆ, ಗೊಟ್ಲೀಬನ ಕ್ಯಾನ್ವಾಸು

ಇಬ್ಬರು ಚಿತ್ರಕಾರರು, ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಆಂಟೋನಿಯೊ ಮೊಸ್ಕೇನಿ 1854ರಲ್ಲಿ ಇಟಲಿಯ ಬೆರ್ಗಾಮೊ ಹತ್ತಿರದ ಸ್ತೆಜ್ಜಾನೊ ಎಂಬ ಊರಲ್ಲಿ ಹುಟ್ಟಿದ, ಕಥೋಲಿಕ. ಮೌರಿಟ್ಸಿ ಗೊಟ್ಲೀಬ್ 1856ರಲ್ಲಿ, ಇವತ್ತು ಉಕ್ರೇನಿಗೆ ಸೇರಿದ ದ್ರೊಹೊಬಿಚ್‌ನಲ್ಲಿ ಹುಟ್ಟಿದ, ಯಹೂದಿ. ಇಬ್ಬರೂ ಅಕಾಡೆಮಿಗಳಲ್ಲಿ ಕೈ ಪಳಗಿಸಿಕೊಂಡವರು, ಇಬ್ಬರೂ ಯೇಸುವನ್ನು ಬರೆದವರು. ಗೊಟ್ಲೀಬನ ಯೇಸು ವಾರ್ಸಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದ್ದಾನೆ. ಮೊಸ್ಕೇನಿಯ ಯೇಸು ಮಂಗಳೂರಿನ ಬಾವುಟಗುಡ್ಡೆಯ ಮೇಲೆ, ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿದ್ದಾನೆ. ಮತದ ಹಿನ್ನೆಲೆ ಒಬ್ಬ ಕಲಾವಿದನಿಗೆ ಏನು ಕೊಡುತ್ತದೆ, ಏನು ಕಸಿದುಕೊಳ್ಳುತ್ತದೆ ಎಂದು ನೋಡಬೇಕಾದರೆ ಈ ಇಬ್ಬರನ್ನು ಎದುರುಬದುರು ನಿಲ್ಲಿಸಿ ನೋಡುವುದು ಒಳ್ಳೆಯದು.

ಮಂಗಳೂರಿನವರಿಗೆ ಚಾಪೆಲ್ ಎಂದರೆ ಹೆಮ್ಮೆ. ನೆಂಟರು ಬಂದರೆ ಕದ್ರಿ, ಪಣಂಬೂರು, ಆಮೇಲೆ ಚಾಪೆಲ್. ‘ರೋಮಿನ ಸಿಸ್ಟೀನ್ ಚಾಪೆಲ್‌ಗೆ ಸಮ’ ಎನ್ನುವ ಮಾತೂ ಜೊತೆಗೇ ಬರುತ್ತದೆ. ಈ ಹೋಲಿಕೆ ನನಗೆ ಯಾವತ್ತೂ ಹಿಡಿಸಿದ್ದಿಲ್ಲ. ಮೈಕೆಲಾಂಜೆಲೊ ಪೋಪರ ಜೊತೆ ಜಗಳವಾಡುತ್ತ ಬರೆದವನು. ಮೊಸ್ಕೇನಿ ಯಾರ ಜೊತೆಗೂ ಜಗಳವಾಡುವ ಪ್ರಶ್ನೆಯೇ ಇರಲಿಲ್ಲ, ಯಾಕೆಂದರೆ ಅವನು ಬರೆಸಿದವರ ಮನೆಯವನೇ. ಅವನ ಕಲೆಯ ಬಲವೂ ಅಲ್ಲೇ ಇದೆ, ಮಿತಿಯೂ ಅಲ್ಲೇ ಇದೆ.

ಕತೆ ಹೀಗಿದೆ. 1878ರ ಕೊನೆಯ ದಿನ ಜೆಸುಯಿಟ್ ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಕಾಲೇಜು ಶುರುವಾಯಿತು, ಕೆಲವೇ ವರ್ಷಗಳಲ್ಲಿ ಚಾಪೆಲ್ ಎದ್ದಿತು, ಗೋಡೆಗಳು ಮಾತ್ರ ಖಾಲಿ ಉಳಿದವು. ಅತ್ತ ಮೊಸ್ಕೇನಿ ಬೆರ್ಗಾಮೊದ ಕರಾರಾ ಅಕಾಡೆಮಿಯಲ್ಲಿ ಕಲಿತು, ಚಿತ್ರಕಾರನಾಗಿ ನೆಲೆ ಕಂಡುಕೊಂಡಿದ್ದವನು, 1889ರಲ್ಲಿ, ಮೂವತ್ತೈದರ ಹೊತ್ತಿಗೆ, ಜೆಸುಯಿಟ್ ಸಂಘ ಸೇರಿಬಿಟ್ಟ. ಸೇರಿದ್ದು ಪಾದ್ರಿಯಾಗಿ ಅಲ್ಲ, ಬ್ರದರ್ ಆಗಿ. ಬ್ರದರ್ ಎಂದರೆ ಪೂಜೆ ಮಾಡಿಸುವ ಅಧಿಕಾರವಿಲ್ಲದ, ಕೈಕೆಲಸದ ಸನ್ಯಾಸಿ. ಅಡುಗೆಯವನೂ ಬ್ರದರ್, ಬಡಗಿಯೂ ಬ್ರದರ್, ಚಿತ್ರಕಾರನೂ ಬ್ರದರ್. ಬಡತನದ ವ್ರತ ಬೇರೆ; ಸಂಬಳವಿಲ್ಲ, ಚಿತ್ರ ಮಾರುವಂತಿಲ್ಲ. ಎಲ್ಲಿಗೆ ಹೋಗು ಎನ್ನುತ್ತಾರೋ ಅಲ್ಲಿಗೆ ಹೋಗಬೇಕು. ಹಾಗೆ ಅವನು ಮಂಗಳೂರಿಗೆ ಬಂದ. 1899ರಿಂದ 1901ರ ನಡುವೆ, ಎರಡು ಎರಡೂವರೆ ವರ್ಷಗಳಲ್ಲಿ, ಚಾಪೆಲ್‌ನ ಗೋಡೆ, ಕಮಾನು, ಚಾವಣಿಯನ್ನೆಲ್ಲ ಬಣ್ಣದಿಂದ ತುಂಬಿಸಿದ.

ಕಸುಬಿನ ಮಟ್ಟಿಗೆ ಇದು ಸಣ್ಣ ಸಾಹಸವಲ್ಲ. ಒಂದಷ್ಟು ಚಿತ್ರಗಳು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿವೆ, ಉಳಿದವು ಫ್ರೆಸ್ಕೊ. ಫ್ರೆಸ್ಕೊ ಎಂದರೆ ಸುಣ್ಣದ ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಗಾರೆ ಆರುತ್ತ ಗಾಳಿಯೊಡನೆ ಕೂಡಿ ಗಟ್ಟಿಯಾಗುವಾಗ ಬಣ್ಣದ ಕಣಗಳನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಆ ದಿನ ಎಷ್ಟು ಬರೆಯಬಲ್ಲೆನೋ ಅಷ್ಟೇ ಗಾರೆ ಬಳಿಯಬೇಕು; ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ನಾಲ್ಕು ತಿಂಗಳು ಬಿಡದೆ ಸುರಿಯುವ, ಬಟ್ಟೆ ಒಣಗದ, ಚಪ್ಪಲಿಗೂ ಬೂಸ್ಟು ಹಿಡಿಯುವ ಊರಿನಲ್ಲಿ ಈ ಕೆಲಸ! ಗಾರೆ ಎಷ್ಟು ಹೊತ್ತಿಗೆ ಆರುತ್ತದೆ ಎನ್ನುವ ಲೊಂಬಾರ್ಡಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ತೊಂಬತ್ತು ವರ್ಷ ಕಳೆದ ಮೇಲೆ, 1991ರಿಂದ 1994ರವರೆಗೆ, ಇಂಟ್ಯಾಕ್ ಸಂಸ್ಥೆಯ ತಜ್ಞರು ಕೂತು ಚಿತ್ರಗಳನ್ನು ಸಂರಕ್ಷಿಸಬೇಕಾಯಿತು ಎನ್ನುವುದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿಯವರೆಗೆ ಉಳಿದುಬಂತಲ್ಲ, ಆಶ್ಚರ್ಯ ಅದು.

ಚಾವಣಿಯ ನಡುಸಾಲಿನಲ್ಲಿ ಸಂತ ಅಲೋಶಿಯಸ್ ಗೊನ್ಝಾಗನ ಜೀವನ. ಶ್ರೀಮಂತರ ಮನೆಯ ಹುಡುಗ, ಆಸ್ತಿ ಬಿಟ್ಟುಕೊಟ್ಟು ಜೆಸುಯಿಟ್ ಆದವನು, 1591ರಲ್ಲಿ ರೋಮಿನಲ್ಲಿ ಪಿಡುಗಿನ ರೋಗಿಗಳ ಆರೈಕೆ ಮಾಡುತ್ತ ತಾನೂ ರೋಗ ಹತ್ತಿಸಿಕೊಂಡು ಇಪ್ಪತ್ತಮೂರಕ್ಕೇ ತೀರಿಕೊಂಡವನು. ಇಳಿಜಾರಿನಲ್ಲಿ ಅಪೊಸ್ತಲರು, ಅವರ ಸುತ್ತ ಹೂಮಾಲೆ ಹಿಡಿದ ದೇವದೂತರು. ಹಿಂಬದಿಯ ಗೋಡೆಯಲ್ಲಿ ಮಕ್ಕಳ ನಡುವೆ ಕೂತ ಯೇಸು. ಕಾಲೇಜಿನ ಹುಡುಗರಿಗೆಂದೇ ಹೂಡಿದ ಸಂಯೋಜನೆ ಇದು, ಅನುಮಾನವೇ ಇಲ್ಲ.

ಇದರಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ಅಲೋಶಿಯಸ್ ಪಿಡುಗಿನ ರೋಗಿಗಳ ಸೇವೆಗೆ ನಿಂತ ಚಿತ್ರ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು, ಮೊಸ್ಕೇನಿ ಇಲ್ಲಿ ಅಟ್ಟಣಿಗೆ ಕಟ್ಟಿ ಬರೆಯುತ್ತಿದ್ದಾಗ ದೇಶದಲ್ಲಿ ಇನ್ನೂ ಜನರನ್ನು ಕೊಲ್ಲುತ್ತಿತ್ತು. ಅದೇ ಮಿಷನ್ನಿನ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧ ಕೊಡುತ್ತಿದ್ದರು, ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದ್ದರು. ಮುನ್ನೂರು ವರ್ಷದ ಹಿಂದಿನ ರೋಮಿನ ಕತೆ ಕೆಳಗೆ ಕೂತ ಹುಡುಗರಿಗೆ ಹಳೆಯದಾಗಿ ಕಂಡಿರಲಾರದು. ಇಡೀ ಚಾಪೆಲ್‌ನಲ್ಲಿ ಗೋಡೆಗೂ ಊರಿಗೂ ನಡುವಿನ ದೂರ ಇಷ್ಟು ಕಡಿಮೆಯಾದ ಇನ್ನೊಂದು ಜಾಗ ನನಗೆ ಕಾಣಿಸಿಲ್ಲ.

ಉಳಿದ ಕಡೆ ಆ ದೂರ ಹಾಗೇ ಇದೆ. ಅಪೊಸ್ತಲರನ್ನೇ ನೋಡಿ. ಪೇತ್ರ, ಅಂದ್ರೆಯ, ಯಾಕೋಬ, ಯೋಹಾನ: ನಾಲ್ವರೂ ಗಲಿಲಾಯ ಸರೋವರದಲ್ಲಿ ಬಲೆ ಬೀಸುತ್ತಿದ್ದ ಯಹೂದಿ ಬೆಸ್ತರು. ಬೋಳೂರಿನ ಅಥವಾ ಬೆಂಗರೆಯ ಮೊಗವೀರರನ್ನು ನೋಡಿದವರಿಗೆ ಬಿಸಿಲು ಉಪ್ಪುನೀರು ತಿಂದ ಮೈ ಹೇಗಿರುತ್ತದೆಂದು ಗೊತ್ತು. ಮೊಸ್ಕೇನಿಯ ಅಪೊಸ್ತಲರು ಅಕಾಡೆಮಿಯ ಮಾದರಿಗಳು: ಗಂಭೀರ ಗಡ್ಡ, ಲಕ್ಷಣವಾದ ಮೂಗು, ಎಣಿಸಿ ಇಟ್ಟಂತೆ ಬಿದ್ದ ಉಡುಪಿನ ಮಡಿಕೆ. ರೇಖೆ ತಪ್ಪುವುದಿಲ್ಲ, ಕೈಬೆರಳುಗಳಂತೂ ಸೊಗಸು. ಮುಖಗಳಲ್ಲಿ ಮಾತ್ರ ಭಕ್ತಿಯೊಂದನ್ನು ಬಿಟ್ಟು ಬೇರೆ ಭಾವಕ್ಕೆ ಎಡೆ ಕಡಿಮೆ. ಅನುಮಾನ ಪಡುವ ತೋಮನಿಗೂ ಪ್ರೀತಿಯ ಯೋಹಾನನಿಗೂ ಒಳಗಿನ ವ್ಯತ್ಯಾಸ ಕಾಣಬೇಕಿತ್ತು. ಅದು ಅವನ ಕೈಯ ಸೋಲಲ್ಲ. ಅವನ ಪರಂಪರೆ ಆ ಮುಖಗಳನ್ನು ಎಂದೋ ನಿರ್ಧರಿಸಿ ಅವನ ಕೈಗೆ ಕೊಟ್ಟಿತ್ತು.

ಗೊಟ್ಲೀಬನಿಗೆ ಯಾರೂ ಏನನ್ನೂ ನಿರ್ಧರಿಸಿ ಕೊಟ್ಟಿರಲಿಲ್ಲ. ಅವನಿಗಾಗಿ ಖಾಲಿ ಬಿಟ್ಟ ಗೋಡೆಯೂ ಎಲ್ಲೂ ಇರಲಿಲ್ಲ. ಕ್ರಾಕೋವಿನಲ್ಲಿ ಮಹಾ ಚಿತ್ರಕಾರ ಯಾನ್ ಮತೇಯ್ಕೊನ ಕೈಕೆಳಗೆ ಕಲಿಯಲು ಹೋದಾಗ ಸಹಪಾಠಿಗಳ ಯಹೂದಿ ದ್ವೇಷ ತಾಳಲಾರದೆ ಬಿಟ್ಟುಹೋದವನು ಅವನು. 1878–79ರಲ್ಲಿ ಅವನು ಬರೆಯತೊಡಗಿದ ‘ಕಪೆರ್ನೌಮಿನಲ್ಲಿ ಉಪದೇಶಿಸುತ್ತಿರುವ ಕ್ರಿಸ್ತ’ ಚಿತ್ರದಲ್ಲಿ ಯೇಸು ಯಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗಿನೊಳಗೆ ನಿಂತಿದ್ದಾನೆ, ಮೈಮೇಲೆ ಯಹೂದಿಗಳ ಪ್ರಾರ್ಥನಾ ಶಾಲು. ಕೇಳುತ್ತಿರುವ ಜನರ ನಡುವೆ ಚಿತ್ರಕಾರ ತನ್ನ ಮುಖವನ್ನೂ ಇಟ್ಟಿದ್ದಾನೆ. ‘ಇವನು ನಿಮ್ಮವನೂ ಹೌದು, ಮೊದಲು ನಮ್ಮವನು’ ಎಂದು ಎರಡೂ ಕಡೆಯವರಿಗೆ ಹೇಳುವ ಧೈರ್ಯ ಅದು. ಚಿತ್ರ ಮುಗಿಯಲಿಲ್ಲ. 1879ರಲ್ಲಿ ಗೊಟ್ಲೀಬ್ ತೀರಿಕೊಂಡಾಗ ಅವನಿಗೂ ಇಪ್ಪತ್ತಮೂರೇ. ಅದೇ ವರ್ಷ ಮ್ಯೂನಿಕ್‌ನಲ್ಲಿ ಇನ್ನೊಬ್ಬ ಯಹೂದಿ ಚಿತ್ರಕಾರ ಮ್ಯಾಕ್ಸ್ ಲೀಬರ್ಮಾನ್ ಹನ್ನೆರಡರ ಯೇಸುವನ್ನು ಬೀದಿಯ ಯಹೂದಿ ಹುಡುಗನಂತೆ ಬರೆದು ಪ್ರದರ್ಶಿಸಿದ. ಬೊಬ್ಬೆ ಬವೇರಿಯದ ಶಾಸನಸಭೆಯವರೆಗೆ ಹೋಯಿತು. ಅವನು ಆಮೇಲೆ ಆ ಹುಡುಗನನ್ನು ತಿದ್ದಿ ಬರೆದ. ಈ ದಾರಿ 1938ರಲ್ಲಿ ಯಹೂದಿ ಚಿತ್ರಕಾರ ಶಗಾಲನ ‘ಬಿಳಿಯ ಶಿಲುಬೆ’ಯವರೆಗೂ ಬರುತ್ತದೆ. ಅಲ್ಲಿ ಶಿಲುಬೆಯ ಮೇಲಿನ ಯೇಸುವಿನ ಸೊಂಟಕ್ಕೆ ಸುತ್ತಿರುವುದು ಅದೇ ಪ್ರಾರ್ಥನಾ ಶಾಲು, ಸುತ್ತ ಉರಿಯುತ್ತಿರುವುದು ಯಹೂದಿಗಳ ಮನೆಗಳು.

ವಿಗ್ರಹ ಮಾಡಬೇಡ ಎಂಬ ಆಜ್ಞೆಯಿಂದಾಗಿ ಯಹೂದಿಗಳಲ್ಲಿ ಚಿತ್ರಕಲೆಯೇ ಇರಲಿಲ್ಲ ಎನ್ನುವ ಮಾತು ಪೂರ್ತಿ ನಿಜವಲ್ಲ. ಸಿರಿಯಾದ ದೂರಾ ಯೂರೋಪೋಸ್‌ನಲ್ಲಿ 1932ರಲ್ಲಿ ಸಿಕ್ಕ ಮೂರನೇ ಶತಮಾನದ ಸಿನಗಾಗಿನ ಗೋಡೆಗಳ ತುಂಬ ಮೋಶೆ, ಎಸ್ತೇರ್ ಮುಂತಾದವರ ಚಿತ್ರಗಳಿವೆ. ಆದರೂ ಸಂಕೋಚವಂತೂ ಇತ್ತು. ಅದರ ಎಳೆ ಮಂಗಳೂರಿನಲ್ಲೂ ಸಿಗುತ್ತದೆ ಎಂದು ನನಗನ್ನಿಸುತ್ತದೆ. ಟ್ಯುನೀಶಿಯ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರಿಂದ ಹೆಚ್ಚುಕಡಿಮೆ 1149ರವರೆಗೆ ಇದೇ ಊರಲ್ಲಿದ್ದ. ಅಶು ಎಂಬ ಇಲ್ಲಿನ ದಾಸಿಯನ್ನು ಬಿಡುಗಡೆ ಮಾಡಿದ, ಅವಳಿಂದ ಮಕ್ಕಳನ್ನು ಪಡೆದ. ಅವನ ಕಾಗದಪತ್ರಗಳು ಕೈರೋದ ಸಿನಗಾಗಿನ ಹಳೆ ಕಾಗದಗಳ ಕೋಣೆಯಲ್ಲಿ, ಗೆನಿಜಾದಲ್ಲಿ, ಉಳಿದುಬಂದವು. ಅವನದೊಂದು ಕಂಚು ಹಿತ್ತಾಳೆಯ ಕಾರ್ಖಾನೆಯಿತ್ತು. ಏಡನ್ನಿನಿಂದ ಹಳೆ ಲೋಹ ಬರುತ್ತಿತ್ತು, ಇಲ್ಲಿ ಕರಗಿಸಿ ತಟ್ಟೆ, ಬೋಗುಣಿ, ದೀಪಗಳಾಗಿ ಹೋಗುತ್ತಿತ್ತು. ಅದಕ್ಕೂ ನೂರ ಅರವತ್ತಕ್ಕೂ ಹೆಚ್ಚು ವರ್ಷ ಮೊದಲು, 968ರ ಶಾಸನ ಹೇಳುವ ಹಾಗೆ, ಕದ್ರಿಯಲ್ಲಿ ಲೋಕೇಶ್ವರನ ಅದ್ಭುತ ಕಂಚಿನ ಮೂರ್ತಿ ನಿಂತಿತ್ತು. ಒಂದೇ ಊರು, ಒಂದೇ ಲೋಹ. ಒಬ್ಬರ ಹರಕೆ ದೇವರಾಯಿತು, ಇನ್ನೊಬ್ಬರ ಆರ್ಡರು ಪಾತ್ರೆಯಾಯಿತು.

ಬಾವುಟಗುಡ್ಡೆಗೆ ಮರಳೋಣ. ಮೊಸ್ಕೇನಿಯ ನಿಜವಾದ ಪೂರ್ವಿಕ ಆಂದ್ರೆಯಾ ಪೊಝ್ಝೊ. ಅವನೂ ಜೆಸುಯಿಟ್ ಬ್ರದರ್. ರೋಮಿನ ಸಂತ ಇಗ್ನೇಷಿಯಸ್ ಇಗರ್ಜಿಯ ಚಾವಣಿಯನ್ನು 1690ರ ದಶಕದಲ್ಲಿ ಬರೆದು, ಮಾಡೇ ಒಡೆದು ಆಕಾಶ ತೆರೆದಂತೆ ಕಣ್ಣಿಗೆ ಮೋಸ ಮಾಡಿದವನು. ಮಂಗಳೂರಿನಲ್ಲಿ ಕೆತ್ತಿದ ಕಲ್ಲಿನಂತೆ ಕಾಣುವ ಅಂಚುಪಟ್ಟಿಗಳನ್ನು ಬರೀ ಬಣ್ಣದಲ್ಲಿ ಎಬ್ಬಿಸುವ ಜಾಣ್ಮೆ ಬಂದದ್ದು ಆ ಮನೆತನದಿಂದ. ಅದೇ ಮನೆತನದಲ್ಲಿ ಇನ್ನೊಬ್ಬನಿದ್ದ, ಜುಸೆಪ್ಪೆ ಕಾಸ್ತಿಲ್ಯೋನೆ. 1715ರಲ್ಲಿ ಚೀನಾಕ್ಕೆ ಹೋದ ಈ ಬ್ರದರ್ ಅಲ್ಲಿನ ಚಕ್ರವರ್ತಿಗಳ ಆಸ್ಥಾನದಲ್ಲಿ ಐವತ್ತು ವರ್ಷ ಬರೆದ. ಮುಖದ ಮೇಲೆ ನೆರಳು ಬಿದ್ದರೆ ಕೊಳೆಯಂತೆ ಕಾಣುತ್ತದೆಂಬುದು ಆಸ್ಥಾನದ ಅಭಿರುಚಿ. ಅವನು ನೆರಳು ಬಿಟ್ಟ. ರೇಷ್ಮೆಯ ಮೇಲೆ ಬರೆಯಲು ಕಲಿತ. ಕೊನೆಗೆ ಇಟಲಿಯದೂ ಅಲ್ಲದ, ಪೂರ್ತಿ ಚೀನಾದ್ದೂ ಅಲ್ಲದ ಒಂದು ಶೈಲಿಯೇ ಹುಟ್ಟಿತು.

ಒಂದೇ ಸಂಘ, ಒಂದೇ ವ್ರತ. ಹಾಗಿದ್ದರೆ ಬೀಜಿಂಗಿನಲ್ಲಿ ಆದದ್ದು ಮಂಗಳೂರಿನಲ್ಲಿ ಯಾಕಾಗಲಿಲ್ಲ? ನನ್ನ ಉತ್ತರ ಒರಟಾಗಿದೆ: ಬರೆಸಿದವರು ಯಾರು ಎಂದು ನೋಡಿ. ಕಾಸ್ತಿಲ್ಯೋನೆ ಅನ್ಯಮತದ ದೊರೆಯ ಹಂಗಿನಲ್ಲಿದ್ದ, ಆ ದೊರೆಗೆ ತನ್ನದೇ ಗಟ್ಟಿ ಅಭಿರುಚಿಯಿತ್ತು. ಮೊಸ್ಕೇನಿಗೆ ಎದುರಾಡುವ ಅಭಿರುಚಿಯೇ ಇರಲಿಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ, ಇಟಲಿಯ ಮಿಷನ್ನಿನ ಗೋಡೆಯ ಮೇಲೆ, ಯುರೋಪಿನ ಹಾಗೆ ಬರೆಯುವುದೇ ಎಲ್ಲರಿಗೂ ಬೇಕಾಗಿತ್ತು, ಇಲ್ಲಿನ ಕ್ರೈಸ್ತರಿಗೂ. ಟಿಪ್ಪುವಿನ ಕಾಲದ ಸೆರೆಯಲ್ಲಿ ಇಗರ್ಜಿಗಳನ್ನು ಕಳಕೊಂಡಿದ್ದ ಸಮುದಾಯ ಒಂದು ಶತಮಾನದ ಬಳಿಕ ರೋಮಿನಂಥ ಚಾವಣಿಯ ಕೆಳಗೆ ಕೂತಾಗ ಪಟ್ಟ ಸಮಾಧಾನವನ್ನು ಹಗುರವಾಗಿ ಕಾಣಬಾರದು.

ಇದೇ ಊರಿನ ಬಲ್ಮಠದ ಬಾಸೆಲ್ ಮಿಷನ್ನಿನವರು ಗೋಡೆಗೆ ಚಿತ್ರ ಒಲ್ಲದ ಪ್ರೊಟೆಸ್ಟಂಟರು. ಅವರ ಕಲ್ಲಚ್ಚಿನಿಂದ 1843ರಲ್ಲೇ ‘ಮಂಗಳೂರ ಸಮಾಚಾರ’ ಹೊರಟು ಮನೆಮನೆಗೆ ಹೋಯಿತು, ಕನ್ನಡ ಮುದ್ರಣ ಅಲ್ಲಿಂದ ಕವಲೊಡೆಯಿತು. ಚಾಪೆಲ್‌ನ ಚಿತ್ರಗಳು ಕೂತಲ್ಲೇ ಉಳಿದವು. ಭಾರತೀಯ ಕ್ರೈಸ್ತ ಚಿತ್ರಕಲೆಗೆ ನಾಂದಿ ಹಾಡಿದ್ದು ಗೋವೆಯ ಆಂಜೆಲೊ ಡ ಫೊನ್ಸೇಕ. ಶಾಂತಿನಿಕೇತನದಲ್ಲಿ ಕಲಿತು ಮರಿಯಮ್ಮನಿಗೆ ಸೀರೆ ಉಡಿಸಿದ ಅವನು ಊರವರ ಸಿಟ್ಟಿಗೆ ಪುಣೆ ಸೇರಬೇಕಾಯಿತು. ಬೆಂಗಳೂರು ಬಳಿಯ ಸಿಲ್ವೆಪುರದಲ್ಲಿ ಜ್ಯೋತಿ ಸಾಹಿ ಆ ಕೆಲಸವನ್ನು ಮುಂದುವರಿಸಿದರು. ಇನ್ನು ಕರಾವಳಿಯ ದೊಡ್ಡ ಹೆಸರು, 1911ರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರ್, ಬೆಳೆದದ್ದು ಮುಂಬಯಿಯಲ್ಲಿ. ಹಿಟ್ಲರನ ಯುರೋಪಿನಿಂದ ಓಡಿಬಂದ ವಿಯೆನ್ನಾದ ಯಹೂದಿ ಸಂಗ್ರಾಹಕ ಇಮ್ಯಾನುಯೆಲ್ ಶ್ಲೆಸಿಂಗರ್‌ನಂಥವರು ಹೊಸ ಚಿತ್ರಕಾರರ ಬೆನ್ನಿಗೆ ನಿಂತಿದ್ದ ಮುಂಬಯಿ ಅದು. ಗೋಡೆಯಿಲ್ಲದವರು ಕ್ಯಾನ್ವಾಸಿಗೆ, ಗ್ಯಾಲರಿಗೆ ಒಗ್ಗಿಕೊಂಡು ಕಟ್ಟಿದ ಲೋಕವೇ ಕೊನೆಗೆ ನಮ್ಮ ಆಧುನಿಕರನ್ನೂ ಸಾಕಿತು.

ಹಾಗೆಂದು ಮೊಸ್ಕೇನಿಯನ್ನು ಒಂಟಿಯೆಂದು ತೀರ್ಮಾನಿಸುವ ಮೊದಲು ಒಂದು ಹೆಸರಿನ ಲೆಕ್ಕ ಚುಕ್ತಾ ಆಗಬೇಕು. ಮಂಗಳೂರಿನ ಬಳಿಕ ಅವನು ಮುಂಬಯಿಯ ಹೋಲಿ ನೇಮ್ ಕೆಥೆಡ್ರಲ್‌ನಲ್ಲಿ ಬರೆದ, ಆಮೇಲೆ ಫೋರ್ಟ್ ಕೊಚ್ಚಿಯ ಸಾಂತಾ ಕ್ರೂಜ್ ಇಗರ್ಜಿಯಲ್ಲಿ. ಮನುಷ್ಯರೂಪವೇ ಇಲ್ಲದ ನೀಲಿ ಚೀನೀ ಹಂಚುಗಳ ನೆಲವಿರುವ ಮಟ್ಟಾಂಚೇರಿಯ ಸಿನಗಾಗು ಅಲ್ಲಿಂದ ಕೂಗಳತೆಯಲ್ಲ, ಆದರೆ ನಡೆದು ಹೋಗುವಷ್ಟೇ ದೂರ. ಲಿಯೊನಾರ್ಡೊನ ಮಾದರಿಯ ‘ಕೊನೆಯ ಭೋಜನ’ ಇರುವುದು ಈ ಇಗರ್ಜಿಯಲ್ಲೇ. 1905ರ ನವೆಂಬರ್ 15ರಂದು ಮೊಸ್ಕೇನಿ ಕೊಚ್ಚಿಯಲ್ಲಿ ತೀರಿಕೊಂಡ. ನಾಲ್ಕು ದಿನ ಬಿಟ್ಟು ಇಗರ್ಜಿಯ ಪ್ರತಿಷ್ಠೆಯಾಯಿತು. ಆ ಕೆಲಸದಲ್ಲಿ ಅವನ ಜೊತೆಗಿದ್ದ ಶಿಷ್ಯನೆಂದು ಅಲ್ಲಿನ ಚರಿತ್ರೆ ಹೇಳುವುದು ಮಂಗಳೂರಿನ ಡಿಗಾಮಾ ಎಂಬವನನ್ನು. ಚಾಪೆಲ್‌ನ ಅಟ್ಟಣಿಗೆಯ ಮೇಲೆ ಕಲಿತ ಮಂಗಳೂರಿಗನೊಬ್ಬ ಇದ್ದದ್ದೇ ಹೌದಾದರೆ, ಕೊಚ್ಚಿಯ ಕಂಬ ಕಮಾನುಗಳಲ್ಲಿ ಗುರುವಿನ ಕೈ ಎಲ್ಲಿ ನಿಂತಿತು, ಶಿಷ್ಯನ ಕೈ ಎಲ್ಲಿ ಶುರುವಾಯಿತು ಎಂದು ಚಿತ್ರ ಬಲ್ಲವರು ಕೂತು ಬಿಡಿಸಬೇಕು. ಚಾಪೆಲ್‌ನ ಬಗ್ಗೆ ಇಲ್ಲಿಯವರೆಗೆ ಬಂದ ಹೊಗಳಿಕೆಗಿಂತ ಆ ಒಂದು ಕೆಲಸ ಹೆಚ್ಚು ತೂಗುತ್ತದೆ.