ಶೇಕಡಾ 5.1 ಎಂಬ ಪಠ್ಯ

2025ರ ಮೇ 15ರಂದು ಕೇಂದ್ರ ಸರ್ಕಾರದ ಸಾಂಖ್ಯಿಕ ಸಚಿವಾಲಯ ಮೊದಲ ಬಾರಿಗೆ ಉದ್ಯೋಗದ ತಿಂಗಳ ಲೆಕ್ಕವನ್ನು ಪ್ರಕಟಿಸಿತು. ಅಲ್ಲಿಯವರೆಗೆ ಇಡೀ ದೇಶದ ಲೆಕ್ಕ ವರ್ಷಕ್ಕೊಮ್ಮೆ, ನಗರಗಳದ್ದು ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. ಆ ಏಪ್ರಿಲ್‌ನಲ್ಲಿ ನಿರುದ್ಯೋಗ ಶೇ. 5.1 ಇತ್ತು. ಮೇ ಮತ್ತು ಜೂನ್‌ನಲ್ಲಿ ಶೇ. 5.6, ಜುಲೈನಲ್ಲಿ 5.2, ಆಗಸ್ಟ್‌ನಲ್ಲಿ ಮತ್ತೆ 5.1. ಪತ್ರಿಕೆಗಳು ಒಂದು ತಿಂಗಳು ‘ಏರಿಕೆ’ ಎಂದು, ಇನ್ನೊಂದು ತಿಂಗಳು ‘ಇಳಿಕೆ’ ಎಂದು ಬರೆದವು. ಸರ್ಕಾರವನ್ನು ನಂಬುವವರು ಅಂಕಿಯನ್ನೂ ನಂಬಿದರು, ನಂಬದವರು ಅಂಕಿಯನ್ನೂ ಸುಳ್ಳೆಂದರು. ಎರಡೂ ಕಡೆಯವರು ಪ್ರಕಟಣೆಯನ್ನು ಪೂರ್ತಿ ಓದಿದಂತೆ ಕಾಣಲಿಲ್ಲ.

ಸಾಹಿತ್ಯದ ಪತ್ರಿಕೆಯಲ್ಲಿ ಈ ವಿಷಯವೇಕೆ ಎಂದು ನೀವು ಕೇಳಬಹುದು. ತಿಂಗಳ ಆ ಪ್ರಕಟಣೆಯೂ ಒಂದು ಗದ್ಯ ಬರಹ. ಅದಕ್ಕೆ ತನ್ನದೇ ಪದಕೋಶವಿದೆ, ನಿರೂಪಕನಿದ್ದಾನೆ, ಹೇಳಿದ್ದೂ ಇದೆ, ಹೇಳದೆ ಬಿಟ್ಟದ್ದೂ ಇದೆ. ನಾವು ಕತೆ ಕವಿತೆಗಳಿಗೆ ಕೊಡುವ ಓದನ್ನು ಅದಕ್ಕೂ ಕೊಟ್ಟರೆ, ‘ನಂಬಬಹುದೇ’ ಎಂಬ ಪ್ರಶ್ನೆಗೆ ಹೌದು, ಇಲ್ಲ ಎಂಬ ಎರಡು ಉತ್ತರಗಳಿಗಿಂತ ಹೆಚ್ಚಿನದು ಸಿಗುತ್ತದೆ ಎಂಬುದು ನನ್ನ ವಾದ.

ಮೊದಲು ‘ಉದ್ಯೋಗ’ ಎಂಬ ಪದವನ್ನೇ ನೋಡೋಣ. ಈ ಲೆಕ್ಕ ಬರುವುದು ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯಿಂದ. ಎಲ್ಲರೂ ಅದನ್ನು ಪಿಎಲ್‌ಎಫ್‌ಎಸ್ ಎನ್ನುತ್ತಾರೆ. ತಿಂಗಳ ಲೆಕ್ಕಕ್ಕೆ ಅದು ಬಳಸುವ ಅಳತೆಯಲ್ಲಿ, ಕಳೆದ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದವರೆಲ್ಲ ಉದ್ಯೋಗಸ್ಥರು. ಈ ಒಂದು ಗಂಟೆ ದೆಹಲಿಯಲ್ಲಿ ಹೊಸೆದ ತಂತ್ರವೇನಲ್ಲ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮಾನದಂಡದಿಂದ ಬಂದದ್ದು. ಹೆಚ್ಚಿನವರು ತಿಂಗಳ ಸಂಬಳಕ್ಕೆ ದುಡಿಯುವ ದೇಶದಲ್ಲಿ ಅದು ಅಷ್ಟೇನೂ ತೊಡಕು ಮಾಡುವುದಿಲ್ಲ. ನಮ್ಮಲ್ಲಿ 2023-24ರ ಇದೇ ಸಮೀಕ್ಷೆಯ ಪ್ರಕಾರ ದುಡಿಯುವವರಲ್ಲಿ ಶೇ. 58.4 ಮಂದಿ ಸ್ವಂತ ಉದ್ಯೋಗದವರು, ಶೇ. 19.8 ದಿನಗೂಲಿಯವರು. ಕ್ರಮವಾದ ಸಂಬಳವಿರುವವರು ಶೇ. 21.7 ಮಾತ್ರ.

ಇದನ್ನು ಕುಣಿಗಲ್ ತಾಲ್ಲೂಕಿಗೆ ತಂದು ಓದಿ. ಇಲ್ಲಿ ಮಳೆ ನಂಬಿದ ರಾಗಿ ಹೊಲ, ಒಂದಿಷ್ಟು ತೆಂಗು, ಒಂದೆರಡು ಹಸು, ಕೆಲವು ಮನೆಗಳಲ್ಲಿ ರೇಷ್ಮೆ. ರೇಷ್ಮೆ ಸಾಕುವ ಮನೆಯಲ್ಲಿ ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಹಣ್ಣಾಗುವವರೆಗೆ ಯಾರಿಗೂ ಸರಿಯಾದ ನಿದ್ದೆಯಿಲ್ಲ. ಹೊತ್ತುಹೊತ್ತಿಗೆ ಸೊಪ್ಪು ಕೊಯ್ದು ಹಾಕಬೇಕು, ಆಮೇಲೆ ಚಂದ್ರಿಕೆಗೆ ಬಿಡಬೇಕು. ಗೂಡು ರಾಮನಗರದ ಮಾರುಕಟ್ಟೆಗೆ ಹೋದ ಮೇಲೆ ಮನೆ ತೊಳೆದು ಮುಂದಿನ ಚಾಕಿ ಬರುವವರೆಗೆ ಕೈ ಖಾಲಿ. ಹದಿನಾರು ಗಂಟೆ ದುಡಿದ ದಿನಗಳ ವಾರಕ್ಕೂ, ಒಂದು ಬೆಳಿಗ್ಗೆ ತೋಟಕ್ಕೆ ಹೋಗಿ ಬಂದ ವಾರಕ್ಕೂ ಪ್ರಕಟಣೆಯ ಮುಖ್ಯ ಅಂಕಿಯಲ್ಲಿ ಒಂದೇ ಬೆಲೆ: ಉದ್ಯೋಗಸ್ಥ. ಬಡವರ ನಾಡಿನಲ್ಲಿ ನಿರುದ್ಯೋಗದ ಪ್ರಮಾಣ ಕಡಿಮೆ ಕಾಣುವುದಕ್ಕೆ ಇದೇ ದೊಡ್ಡ ಕಾರಣ. ಪೂರ್ತಿ ಕೆಲಸವಿಲ್ಲದೆ ಕೂರುವುದಕ್ಕೂ ಮನೆಯಲ್ಲಿ ಅನ್ನವಿರಬೇಕು.

ಎರಡನೆಯದು, ಈ ಶೇಕಡಾ ಯಾವ ನೂರರಲ್ಲಿ? 15 ವರ್ಷ ದಾಟಿದ ನೂರು ಜನರನ್ನು ಲೆಕ್ಕಕ್ಕೆ ತೆಗೆದುಕೊಂಡರೆ, 2025ರ ಏಪ್ರಿಲ್‌ನಲ್ಲಿ ಕಾರ್ಮಿಕ ಬಲದೊಳಗೆ ಇದ್ದವರು 55.6. ಅವರಲ್ಲಿ ಶೇ. 5.1 ಅಂದರೆ ಸುಮಾರು ಮೂವರು ನಿರುದ್ಯೋಗಿಗಳು. ಉಳಿದ 44 ಜನ ಲೆಕ್ಕದ ಹೊರಗೆ. ತಲೆಬರಹವಾಗುವುದು ಆ ಮೂವರು. ಆದರೆ ನಿಜವಾದ ಕತೆ ಇರುವುದು ಹೊರಗಿನ 44ರಲ್ಲಿ ಮತ್ತು ಒಳಗೂ ಹೊರಗೂ ಓಡಾಡುವವರಲ್ಲಿ. ಅವರಲ್ಲಿ ಹೆಚ್ಚಿನವರು ಹೆಂಗಸರು.

ಅವರು ಹೇಗೆ ಓಡಾಡುತ್ತಾರೆ ಎಂಬುದನ್ನು ನೋಡಲು ಸಮೀಕ್ಷೆಯವರ ಸಂಕೇತಪಟ್ಟಿ ಸಾಕು. ಮನೆಯ ಹೊಲ, ಹಸು, ಅಂಗಡಿಯಲ್ಲಿ ಕೂಲಿಯಿಲ್ಲದೆ ದುಡಿಯುವವರಿಗೆ ಸಂಖ್ಯೆ 21. ಅವರು ಉದ್ಯೋಗಸ್ಥರು. ಬರೀ ಮನೆಗೆಲಸದವರಿಗೆ 92. ಮನೆಗೆಲಸದ ಜೊತೆ ಸೌದೆ, ದನದ ಮೇವು, ಸೊಪ್ಪು ಆಯ್ದು ತರುವವರಿಗೆ, ಮನೆ ಬಳಕೆಗೆ ಹೊಲಿಗೆ ಹಾಕುವವರಿಗೆ 93. ಈ ಕೊನೆಯ ಇಬ್ಬರೂ ಕಾರ್ಮಿಕ ಬಲದ ಹೊರಗಿನವರು. ನಮ್ಮ ಕಡೆಯ ಹಳ್ಳಿಯೊಂದರ ಜಗಲಿಯ ಮೇಲೆ ಈ ಮಾತುಕತೆ ಹೀಗೆ ನಡೆಯಬಹುದು:

“ನೀವು ಏನು ಕೆಲಸ ಮಾಡ್ತೀರಮ್ಮ?”

“ಕೆಲ್ಸ ಏನಿಲ್ಲ ಕಣಪ್ಪ, ಮನೇಲೇ ಇರೋದು. ಹುಲ್ಲು ಸೌದೆ ತರೋದು, ಅಷ್ಟೇಯ.”

ಇಲ್ಲಿಗೆ ನಿಲ್ಲಿಸಿದರೆ ಆಕೆ 93. ಇನ್ನೆರಡು ಪ್ರಶ್ನೆ ಕೇಳಿದರೆ?

“ಡೇರಿಗೆ ಹಾಲು ಹಾಕ್ತೀರಾ?”

“ಹೂಂ, ಎರಡು ಹೊತ್ತೂ ಹಾಕ್ತೀವಿ.”

“ಹಸು ನೋಡ್ಕೊಳ್ಳೋರು ಯಾರು?”

“ಇನ್ಯಾರು, ನಾನೇಯ.”

ಈಗ ಆಕೆ 21. ದೇಶದ ಉದ್ಯೋಗ ಒಂದು ತಲೆಯಷ್ಟು ಹೆಚ್ಚಿತು. ಆಕೆಯ ದಿನದಲ್ಲಿ ಏನೂ ಬದಲಾಗಲಿಲ್ಲ, ಆಕೆಯ ಕೈಗೆ ಒಂದು ರೂಪಾಯಿಯೂ ಹೆಚ್ಚಿಗೆ ಬರಲಿಲ್ಲ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಆಕೆಯ ಕನ್ನಡದಲ್ಲಿ ‘ಕೆಲಸ’ ಎಂದರೆ ಹೊರಗೆ ಹೋಗಿ ದುಡ್ಡು ತರುವುದು. ಉಳಿದದ್ದು ಬದುಕು, ‘ಬದುಕು ಮಾಡೋದು’. ಕೂಲಿ, ನೌಕರಿ, ಚಾಕರಿ, ಬೇಸಾಯ, ದುಡಿಮೆ ಎಂದು ನಮ್ಮಲ್ಲಿ ಬೇರೆ ಬೇರೆ ಮಾತುಗಳಿವೆ. ಎಡೆಯೂರು ಇರುವ ಈ ತಾಲ್ಲೂಕಿಗೆ ‘ಕಾಯಕ’ವೂ ಹೊಸ ಮಾತಲ್ಲ. ಪ್ರಕಟಣೆ ಇವೆಲ್ಲವನ್ನೂ ‘ಉದ್ಯೋಗ’ ಎಂಬ ಒಂದು ಪದಕ್ಕೆ ಅನುವಾದಿಸುತ್ತದೆ. ಅನುವಾದದಲ್ಲಿ ಕಳೆದುಹೋದದ್ದನ್ನು ಹುಡುಕುವುದು ಸಾಹಿತ್ಯದ ವಿದ್ಯಾರ್ಥಿಗೆ ಪರಿಚಿತ ಕೆಲಸವೇ.

ಈ ಅನುವಾದದ ಪರಿಣಾಮ ಸಣ್ಣದಲ್ಲ. ವರ್ಷದ ಲೆಕ್ಕದಲ್ಲಿ ಹೆಂಗಸರ ಪಾಲ್ಗೊಳ್ಳುವಿಕೆ 2017-18ರಲ್ಲಿ ಶೇ. 23.3 ಇದ್ದದ್ದು 2023-24ಕ್ಕೆ ಶೇ. 41.7 ಆಯಿತು. ಇದನ್ನು ದೊಡ್ಡ ಸಾಧನೆಯೆಂದು ಹೇಳಿಕೊಂಡವರಿದ್ದಾರೆ. ಆದರೆ ಆ ವರ್ಷ ದುಡಿಯುವ ಹೆಂಗಸರಲ್ಲಿ ಶೇ. 36.7 ಮಂದಿ ಮನೆಯ ಉದ್ಯಮದಲ್ಲಿ ಕೂಲಿಯಿಲ್ಲದ ಸಹಾಯಕಿಯರು. ಏರಿಕೆಯಲ್ಲಿ ಹೊಸ ದುಡಿಮೆ ಎಷ್ಟು, ಮೊದಲಿಂದಲೂ ಇದ್ದ ದುಡಿಮೆ ಲೆಕ್ಕಕ್ಕೆ ಬಂದದ್ದು ಎಷ್ಟು ಎಂಬುದನ್ನು ಆ ಒಂದು ಶೇಕಡಾ ಹೇಳಲಾರದು.

ತಿಂಗಳ ಲೆಕ್ಕದಲ್ಲಿ ಇದೇ ಕತೆ ತಿರುಗಿ ಬಿತ್ತು. 2025ರ ಏಪ್ರಿಲ್‌ನಲ್ಲಿ ಹೆಂಗಸರ ಪಾಲ್ಗೊಳ್ಳುವಿಕೆ ಶೇ. 34.2, ಮೇನಲ್ಲಿ 33.2, ಜೂನ್‌ನಲ್ಲಿ 32. ಮೇ ತಿಂಗಳ ಇಳಿಕೆಗೆ ಸಚಿವಾಲಯ ಕೊಟ್ಟ ಕಾರಣಗಳು: ಕೃಷಿಯ ಹಂಗಾಮು, ಬಿಸಿಲಿನ ತಾಪ, ಸಂಬಳವಿಲ್ಲದ ಕೆಲವು ಸಹಾಯಕರು ಮನೆಗೆಲಸದ ಕಡೆ ಹೊರಳಿದ್ದು. ಈ ಕೊನೆಯ ಕಾರಣವನ್ನು ನಿಧಾನವಾಗಿ ಓದಬೇಕು. ‘ಹೊರಳಿದರು’ ಎಂದರೆ 21ರಲ್ಲಿದ್ದವರು 92ಕ್ಕೋ 93ಕ್ಕೋ ಹೋದರು. ಯಾರೂ ಅವರನ್ನು ಕೆಲಸದಿಂದ ತೆಗೆದಿಲ್ಲ, ಅವರು ರಾಜೀನಾಮೆ ಕೊಟ್ಟಿಲ್ಲ. ಕೆಲಸ ಕಳೆದುಕೊಂಡವರೆಂದು ಅವರು ನಿರುದ್ಯೋಗದ ಶೇಕಡಾದೊಳಗೂ ಬರುವುದಿಲ್ಲ, ಸುಮ್ಮನೆ ಹೊರಗೆ ಹೋಗುತ್ತಾರೆ.

ಹಂಗಾಮಿನ ಮಾತು ಬಂದದ್ದರಿಂದ ಇನ್ನೊಂದು ಎಚ್ಚರಿಕೆ. ಹಿಂಗಾರಿನ ಕೊಯ್ಲು ಮುಗಿದು ಕೆಲಸ ಇಳಿಯಿತು ಎಂಬುದು ಇಡೀ ದೇಶವನ್ನು ಸೇರಿಸಿದ ಸರಾಸರಿ. ನಮ್ಮಲ್ಲಿ ಮೃಗಶಿರ, ಆರಿದ್ರ ಮಳೆಯ ನಂತರ ಹೊಲ ಎಚ್ಚರವಾಗುತ್ತದೆ, ರಾಗಿ ಕೊಯ್ಲು ಬರುವುದು ದೀಪಾವಳಿ ದಾಟಿದ ಮೇಲೆ. ಅಮೆರಿಕದಂಥ ಕಡೆ ಹಂಗಾಮಿನ ಏರಿಳಿತವನ್ನು ಲೆಕ್ಕ ಹಾಕಿ ತೆಗೆದು ಅಂಕಿ ಕೊಡುತ್ತಾರೆ. ಅದಕ್ಕೆ ಹಲವು ವರ್ಷಗಳ ತಿಂಗಳ ಲೆಕ್ಕ ಕೈಯಲ್ಲಿರಬೇಕು, ನಮ್ಮ ಲೆಕ್ಕ ಈಗಷ್ಟೇ ಶುರುವಾಗಿದೆ. ಹಾಗಾಗಿ ಏಪ್ರಿಲ್‌ಗೆ ಮೇ ತಿಂಗಳನ್ನು ಹೋಲಿಸುವುದಕ್ಕಿಂತ ಒಂದು ಏಪ್ರಿಲ್‌ಗೆ ಮುಂದಿನ ಏಪ್ರಿಲ್ ಹೋಲಿಸುವುದು ಮೇಲು. ತಿಂಗಳಿಗೆ ಸುಮಾರು 90 ಸಾವಿರ ಮನೆಗಳನ್ನು ಮಾತಾಡಿಸಿ ಇಡೀ ದೇಶದ ಲೆಕ್ಕ ಹೇಳುವಾಗ, ದಶಮಾಂಶದ ಒಂದು ಅಂಕಿ ಅತ್ತಿತ್ತ ಆಗುವುದು ಮಾದರಿಯ ತೂಗಾಟವೂ ಇರಬಹುದು. ತಿಂಗಳ ಅಂಕಿ ಇರುವುದು ದೇಶಕ್ಕೆ ಮಾತ್ರ. ಕುಣಿಗಲ್ಲಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಸಮೀಕ್ಷೆಗೆ ಮನೆಯೆಂದರೆ ಒಟ್ಟಿಗೆ ಬಾಳಿ ಒಂದೇ ಒಲೆಯಲ್ಲಿ ಉಣ್ಣುವವರು. ಬೆಳಿಗ್ಗೆ ಬಸ್ಸು ಹಿಡಿದು ನೆಲಮಂಗಲದ ಕಡೆಗೋ ಬೆಂಗಳೂರಿಗೋ ಹೋಗಿ ರಾತ್ರಿ ಮರಳುವವನು ಇಲ್ಲಿನ ಮನೆಯವನು. ಪೀಣ್ಯದಲ್ಲಿ ರೂಮು ಮಾಡಿಕೊಂಡು ಹಬ್ಬಕ್ಕೆ ಬರುವ ಅವನ ತಮ್ಮ ಬೇರೆ ಒಲೆಯವನು. ಪೀಣ್ಯದಲ್ಲಿ ಕೆಲಸ ಹೋಗಿ ಊರಿಗೆ ಮರಳಿ ಅಪ್ಪನ ಜೊತೆ ಹೊಲಕ್ಕಿಳಿದರೆ ಅವನು ಮತ್ತೆ ಇಲ್ಲಿನವನು, ಮತ್ತೆ ಉದ್ಯೋಗಸ್ಥ.

ಇದು ಬರೀ ಕಲ್ಪನೆಯ ಮಾತಲ್ಲ. 2019ರ ಜುಲೈನಿಂದ 2020ರ ಜೂನ್‌ವರೆಗಿನ ವರ್ಷದಲ್ಲಿ ಲಾಕ್‌ಡೌನ್ ಬಂತು. 2020ರ ಏಪ್ರಿಲ್-ಜೂನ್‌ನಲ್ಲಿ ನಗರಗಳ ನಿರುದ್ಯೋಗ ವಾರದ ಅಳತೆಯಲ್ಲಿ ಶೇ. 20.8ಕ್ಕೆ ಏರಿತು. ಆದರೂ ವರ್ಷವಿಡೀ ನೋಡುವ ‘ಸಾಮಾನ್ಯ ಸ್ಥಿತಿ’ಯ ಅಳತೆಯಲ್ಲಿ ದೇಶದ ನಿರುದ್ಯೋಗ ಹಿಂದಿನ ವರ್ಷದ ಶೇ. 5.8ರಿಂದ 4.8ಕ್ಕೆ ಇಳಿಯಿತು! ಅದೇ ವರ್ಷ ದುಡಿಯುವವರಲ್ಲಿ ಕೃಷಿಯವರ ಪಾಲು ಶೇ. 42.5ರಿಂದ 45.6ಕ್ಕೆ ಹೆಚ್ಚಿತು. ಒಂದೇ ಸಮೀಕ್ಷೆ ಈ ಮೂರನ್ನೂ ಹೇಳಿತು, ಯಾವುದೂ ಸುಳ್ಳಲ್ಲ. 4.8 ಒಂದನ್ನೇ ಎತ್ತಿ ತೋರಿಸಿದವನು ಮಾತ್ರ ನಮ್ಮನ್ನು ದಾರಿ ತಪ್ಪಿಸಿದ. ಇಂಥ ಇಕ್ಕಟ್ಟು ಹಳೆಯದು. ನಿರುದ್ಯೋಗವನ್ನು ಒಂದೇ ಅಂಕಿಯಲ್ಲಿ ಹಿಡಿಯುವುದು ನಮ್ಮಂಥ ದೇಶಕ್ಕೆ ಅರ್ಥಪೂರ್ಣವಲ್ಲ ಎಂದು ದಾಂತ್ವಾಲಾ ಸಮಿತಿ 1970ರಲ್ಲೇ ಹೇಳಿತ್ತು.

ಹಾಗಾದರೆ ನಂಬಿಕೆಗೆ ಧಕ್ಕೆ ಬರುವುದು ಎಲ್ಲಿ? ನನಗೆ ಕಂಡಂತೆ, ಎಣಿಸುವ ಜಗಲಿಯಲ್ಲಿ ಬರುವುದಕ್ಕಿಂತ ಪ್ರಕಟಿಸುವ ಕಚೇರಿಯಲ್ಲಿ ಹೆಚ್ಚು. ಪಿಎಲ್‌ಎಫ್‌ಎಸ್‌ನ ಮೊದಲ ವಾರ್ಷಿಕ ವರದಿಗೆ ರಾಷ್ಟ್ರೀಯ ಸಾಂಖ್ಯಿಕ ಆಯೋಗ ಒಪ್ಪಿಗೆ ಕೊಟ್ಟ ಮೇಲೂ ಅದು ಹೊರಬರಲಿಲ್ಲ. 2019ರ ಜನವರಿಯಲ್ಲಿ ಆಯೋಗದ ಹಂಗಾಮಿ ಅಧ್ಯಕ್ಷ ಪಿ.ಸಿ. ಮೋಹನನ್ ಮತ್ತು ಸದಸ್ಯೆ ಜೆ.ವಿ. ಮೀನಾಕ್ಷಿ ರಾಜೀನಾಮೆ ಕೊಟ್ಟರು. ನಿರುದ್ಯೋಗ ಶೇ. 6.1 ಎಂಬ ಅಂಕಿ ಪತ್ರಿಕೆಗೆ ಸೋರಿತು. ಚುನಾವಣೆ ಮುಗಿದು ಹೊಸ ಸರ್ಕಾರ ಪ್ರಮಾಣವಚನ ತೆಗೆದುಕೊಂಡ ಮರುದಿನ, ಮೇ 31ರಂದು, ಅದೇ ಅಂಕಿ ಅಧಿಕೃತವಾಯಿತು. ಸಮೀಕ್ಷೆ ತನ್ನ ಕೆಲಸ ಮಾಡಿತ್ತು. ಅನುಮಾನ ಹುಟ್ಟಿಸಿದ್ದು ಆ ತಡ.

ಅಮೆರಿಕದಲ್ಲಿ 2025ರ ಆಗಸ್ಟ್ 1ರಂದು ಇನ್ನೊಂದು ರೀತಿ ನಡೆಯಿತು. ಜುಲೈನ ಉದ್ಯೋಗ ವರದಿ ಮೇ ಮತ್ತು ಜೂನ್‌ನ ಹಳೆಯ ಅಂಕಿಗಳನ್ನು 2,58,000ದಷ್ಟು ಕೆಳಗೆ ತಿದ್ದಿತು. ಅಧ್ಯಕ್ಷ ಟ್ರಂಪ್ ಅಂಕಿಗಳನ್ನು ತಿರುಚಲಾಗಿದೆ ಎಂದು ಹೇಳಿ, ಕಾರ್ಮಿಕ ಅಂಕಿಅಂಶ ಸಂಸ್ಥೆಯ ಮುಖ್ಯಸ್ಥೆ ಎರಿಕಾ ಮೆಕ್‌ಎಂಟಾರ್ಫರ್ ಅವರನ್ನು ಅಂದೇ ತೆಗೆದುಹಾಕಿದರು. ಆದರೆ ತಿದ್ದುಪಡಿ ಆ ಸಂಸ್ಥೆಯ ಮಾಮೂಲು ಕ್ರಮ. ತಡವಾಗಿ ಬರುವ ಕಂಪನಿಗಳ ಉತ್ತರಗಳನ್ನು ಸೇರಿಸಿ ಅದು ಮೊದಲ ಅಂದಾಜನ್ನು ಎರಡು ಬಾರಿ ಪರಿಷ್ಕರಿಸುತ್ತದೆ. ಗ್ರಂಥಸಂಪಾದನೆ ಓದಿದ ಕನ್ನಡ ವಿದ್ಯಾರ್ಥಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಡಿ.ಎಲ್. ನರಸಿಂಹಾಚಾರ್ ಅವರಿಂದ ನಾವು ಕಲಿತದ್ದು, ಹೊಸ ಓಲೆಪ್ರತಿ ಸಿಕ್ಕಾಗ ಪಾಠವನ್ನು ಮರುಪರಿಶೀಲಿಸಿ ಪಾಠಾಂತರವನ್ನು ಅಡಿಯಲ್ಲಿ ಕೊಡುವವನೇ ನಂಬತಕ್ಕ ಸಂಪಾದಕ ಎಂದು. ಎಂದೂ ತಿದ್ದದ ಅಂಕಿಯ ಬಗ್ಗೆಯೇ ನಾವು ಹೆಚ್ಚು ಹುಷಾರಾಗಿರಬೇಕು.

ಇದೆಲ್ಲ ಓದುವ ನಿಮಗೆ ಹತ್ತಿರದ ವಿಷಯ. ಪದವಿ ಮುಗಿಸಿ ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತ ಸಂಜೆ ಒಂದು ಗಂಟೆ ಅಪ್ಪನ ಅಂಗಡಿಯಲ್ಲಿ ಕೂರುವ ಇಪ್ಪತ್ತಾರರ ಹುಡುಗ ಉದ್ಯೋಗಸ್ಥ. ಅಂಗಡಿಯಿಲ್ಲದ ಅವನ ಗೆಳತಿ “ಓದ್ತಾ ಇದೀನಿ” ಎಂದಷ್ಟೇ ಹೇಳಿದರೆ ವಿದ್ಯಾರ್ಥಿನಿಯಾಗಿ ಲೆಕ್ಕದ ಹೊರಗೆ ಉಳಿಯಬಹುದು, “ಕೆಲಸ ಸಿಕ್ಕಿದ್ರೆ ಹೋಗ್ತೀನಿ” ಎಂದರೆ ನಿರುದ್ಯೋಗಿಯಾಗಬಹುದು. ಇಬ್ಬರ ಕಾಯುವಿಕೆ ಒಂದೇ. ಶೇ. 5.1 ಕಡಿಮೆಯಾಯಿತೆಂದು ಯಾರಾದರೂ ಹೊಸ ನೇಮಕಾತಿಯ ಅಗತ್ಯವನ್ನೇ ಅಲ್ಲಗಳೆದರೆ, ನಷ್ಟವಾಗುವುದು ಇವರಿಗೆ.

ಆದ್ದರಿಂದ ಮುಂದಿನ ತಿಂಗಳ ಪ್ರಕಟಣೆ ಬಂದಾಗ ನಿರುದ್ಯೋಗದ ಶೇಕಡಾವನ್ನು ಕೊನೆಗೆ ಓದಿ. ಮೊದಲು ಕಾರ್ಮಿಕ ಬಲದೊಳಗೆ ಎಷ್ಟು ಜನ, ಅದರಲ್ಲಿ ಹೆಂಗಸರೆಷ್ಟು ಎಂದು ನೋಡಿ. ಆಮೇಲೆ ಮೂರು ತಿಂಗಳ ಮತ್ತು ವರ್ಷದ ವರದಿಗಳನ್ನು ತೆರೆದು, ದುಡಿಯುವವರಲ್ಲಿ ಸಂಬಳದವರೆಷ್ಟು, ಕೂಲಿಯಿಲ್ಲದ ಸಹಾಯಕರೆಷ್ಟು, ವಾರಕ್ಕೆ ಎಷ್ಟು ಗಂಟೆ ಕೆಲಸ, ಎಷ್ಟು ಗಳಿಕೆ ಎಂದು ಹುಡುಕಿ. ಈ ವಿವರಗಳನ್ನು ಅದೇ ಸಂಸ್ಥೆ ಅದೇ ಸಮೀಕ್ಷೆಯಿಂದ ಕೊಡುತ್ತದೆ, ಯಾರು ಬೇಕಾದರೂ ನೋಡಬಹುದು. ಅಂಕಿಯನ್ನು ನಂಬಬಹುದು. ಅದು ಯಾವ ಪ್ರಶ್ನೆಗೆ ಬಂದ ಉತ್ತರ ಎಂಬುದನ್ನು ಪ್ರತಿ ಸಲವೂ ಕೇಳಿಕೊಳ್ಳಬೇಕು.