ಮಾವನ ಮನೆ ಸೇರಿದ ವಿಕ್ರಮ: ಚಂದ್ರಯಾನ, ಜನಪದ ವಿನೋದ ಮತ್ತು ನಮ್ಮ ತಪ್ಪು ಓದು

ಕನ್ನಡ ಜಾನಪದ ಸಂಗ್ರಹಗಳಲ್ಲಿ ‘ನಂಬಿಕೆಗಳು’ ಎಂಬ ವಿಭಾಗ ಇಲ್ಲದ ಗ್ರಂಥ ಅಪರೂಪ. ಸೂರ್ಯ, ಚಂದ್ರ, ಗ್ರಹಣ, ಮಳೆ ನಕ್ಷತ್ರ, ಉಲ್ಕೆ ಇವುಗಳನ್ನು ಕುರಿತು ಜನ ಆಡಿದ ಮಾತುಗಳನ್ನು ಒಂದೊಂದು ವಾಕ್ಯಕ್ಕೆ ಇಳಿಸಿ, ಕ್ರಮಸಂಖ್ಯೆ ಕೊಟ್ಟು ಅಲ್ಲಿ ಜೋಡಿಸಲಾಗಿರುತ್ತದೆ. ಆ ಮಾತನ್ನು ಆಡಿದವರು ಯಾರು, ಯಾರಿಗೆ ಆಡಿದರು, ಆಡುವಾಗ ನಕ್ಕರೇ ಎಂಬ ವಿವರಗಳು ಅಲ್ಲಿ ಉಳಿದಿರುವುದಿಲ್ಲ. ಆಕಾಶವನ್ನು ಕುರಿತ ಜನಪದ ಮಾತುಗಳಲ್ಲಿ ಗಣನೀಯ ಭಾಗವು ನಂಬಿಕೆಯ ನಿರೂಪಣೆಯಲ್ಲ, ವಿನೋದದ ಪ್ರದರ್ಶನ. ಅದನ್ನು ನಂಬಿಕೆಯೆಂದು ದಾಖಲಿಸುವುದರಿಂದ ವಕ್ತೃವಿಗೆ ಅನ್ಯಾಯವಾಗುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ. ಈ ತಪ್ಪನ್ನು ಮಾಡಿದವರಲ್ಲಿ ಈ ಲೇಖಕನೂ ಒಬ್ಬನಾದ್ದರಿಂದ ಅಲ್ಲಿಂದಲೇ ಆರಂಭಿಸುವುದು ಉಚಿತ.

2023ರ ಸೆಪ್ಟೆಂಬರ್ ಕೊನೆಯ ವಾರ ಕಡೂರು ತಾಲ್ಲೂಕಿನ ಹಿರೇನಲ್ಲೂರಿನಲ್ಲಿ ಕ್ಷೇತ್ರಕಾರ್ಯದಲ್ಲಿದ್ದೆ. ಗೌರಿ-ಗಣೇಶ ಹಬ್ಬ ಆಗಷ್ಟೇ ಮುಗಿದಿತ್ತು. ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಕಾಫಿ ತೋಟ, ಕಾಡು, ಜಡಿಮಳೆ ನೆನಪಾಗುವವರಿಗೆ ಈ ಸೀಮೆ ಬೇರೆಯೇ ಲೋಕ. ಇದು ತೆಂಗು, ರಾಗಿ, ಕುರಿಮಂದೆಗಳ ಬಯಲು. ಇಲ್ಲಿಯ ಜನ ಮಳೆಗಾಗಿ ಆಕಾಶ ನೋಡುವುದನ್ನು ಬದುಕಿನ ಭಾಗವಾಗಿಯೇ ಕಲಿತವರು. ಒಂದು ಮನೆಯ ಜಗಲಿಯ ಮೇಲೆ ವೃದ್ಧೆಯೊಬ್ಬರಿಂದ ಸೋಬಾನೆ ಹಾಡುಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದಾಗ, ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದ ಆಕೆಯ ಮೊಮ್ಮಗ ನಡುವೆ ಬಾಯಿ ಹಾಕಿ ಚಂದ್ರಯಾನದ ಮಾತು ತೆಗೆದ. ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದ ವಿಕ್ರಮ್ ನೌಕೆಯನ್ನು ಸೆಪ್ಟೆಂಬರ್ 4ರಂದು ‘ಮಲಗಿಸಿದ್ದಾರೆ’, ಅಲ್ಲಿ ಬೆಳಗಾದ ಮೇಲೆ 22ರಿಂದ ‘ಎಬ್ಬಿಸುತ್ತಿದ್ದಾರೆ’, ಅದು ಏಳುತ್ತಿಲ್ಲ ಎಂದು ವಿವರಿಸಿದ. ಅಜ್ಜಿಯ ಉತ್ತರ ಹೀಗಿತ್ತು: ‘ಚಂದಮಾಮ ಅಂದ್ರೆ ಯಾರ್ಲಾ? ಸೋದರಮಾವ. ಮಾವನ ಮನೆ ಸೇರಿದ ಅಳಿಯ ಕರೆದ ಕೂಡ್ಲೆ ಎದ್ದು ಬತ್ತಾನಾ? ಮನೆಅಳಿಯ ಆಗವ್ನೆ ಬಿಡು.’ ಹುಡುಗ ಪಟ್ಟು ಬಿಡಲಿಲ್ಲ. ಅಲ್ಲಿಯ ಇರುಳು ನಮ್ಮ ಹದಿನಾಲ್ಕು ದಿನದಷ್ಟು ಉದ್ದ, ಚಳಿ ಸೊನ್ನೆಗಿಂತ ನೂರಿಪ್ಪತ್ತು ಡಿಗ್ರಿಗೂ ಕೆಳಗೆ, ಯಂತ್ರ ಕೆಟ್ಟಿರಬಹುದು ಎಂದ. ಆಕೆ: ‘ಹಂಗಾರೆ ಒಂದು ಕಂಬಳಿ ಕೊಟ್ಟು ಕಳಿಸಬೇಕಿತ್ತು.’

ಅಂದು ರಾತ್ರಿ ನಾನು ಬರೆದ ಕಾರ್ಡು ಈಗಲೂ ನನ್ನ ಬಳಿ ಇದೆ. ಶೀರ್ಷಿಕೆ: ನಂಬಿಕೆ. ವಿಷಯ: ಚಂದ್ರನು ಸೋದರಮಾವನೆಂದೂ ಅಲ್ಲಿಗೆ ಹೋದವರು ಮರಳುವುದಿಲ್ಲವೆಂದೂ ಭಾವನೆ. ತಿಂಗಳ ನಂತರ ಧ್ವನಿಮುದ್ರಿಕೆಯನ್ನು ಮತ್ತೆ ಕೇಳಿದಾಗ ಮಾತಿಗಿಂತ ಮೊದಲು ಕಿವಿಗೆ ಬಿದ್ದದ್ದು ನಗೆ. ಅಜ್ಜಿ ನಗುತ್ತಿದ್ದಾರೆ, ಸೊಸೆ ನಗುತ್ತಿದ್ದಾಳೆ, ಕಡೆಗೆ ವಿಜ್ಞಾನದ ವಿದ್ಯಾರ್ಥಿಯೂ ನಗುತ್ತಿದ್ದಾನೆ. ನಗದವನು ನಾನೊಬ್ಬನೇ. ಬರೆದುಕೊಳ್ಳುತ್ತಿದ್ದೆ.

ಈ ವಿನೋದದ ರಚನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕನ್ನಡದಲ್ಲಿ ‘ಮಾವ’ ಎಂಬ ಪದಕ್ಕೆ ತಾಯಿಯ ಸೋದರ ಮತ್ತು ಹೆಂಡತಿಯ ತಂದೆ ಎಂಬ ಎರಡೂ ಅರ್ಥಗಳುಂಟು. ಸೋದರಮಾವನ ಮಗಳನ್ನು ಮದುವೆಯಾಗುವ ಪದ್ಧತಿಯಿರುವ ಸಮುದಾಯಗಳಲ್ಲಿ ಇವೆರಡೂ ಒಂದೇ ವ್ಯಕ್ತಿಯಲ್ಲಿ ಸೇರುತ್ತವೆ. ಮಗುವಿಗೆ ಅನ್ನ ಉಣಿಸುವಾಗ ತೋರಿಸುವ ಚಂದಮಾಮ ತಾಯಿಯ ಅಣ್ಣ. ಅದೇ ಮಗು ಬೆಳೆದರೆ ಅವನೇ ಹೆಣ್ಣು ಕೊಡುವ ಮಾವ. ಮನೆಅಳಿಯನಾಗುವುದು ಹಳ್ಳಿಯ ಗಂಡಸಿನ ಪಾಲಿಗೆ ಒಂದು ಬಗೆಯ ಸುಖ, ಒಂದು ಬಗೆಯ ಅವಮಾನ. ಅವನ ಸೋಮಾರಿತನ ಸೋಬಾನೆ ಪದಗಳ ಹಾಸ್ಯಕ್ಕೆ ಎಂದಿನಿಂದಲೂ ವಸ್ತು. ಸೋಬಾನೆ ಹಾಡುತ್ತಿದ್ದ ಬಾಯಿಗೆ ಏಳದ ವಿಕ್ರಮನು ಮನೆಅಳಿಯನಾಗಿ ಕಂಡದ್ದು ಆ ಹಾಡುಗಳ ಮುಂದುವರಿಕೆಯೇ ಹೊರತು ಬ್ರಹ್ಮಾಂಡದ ಬಗೆಗಿನ ಸಿದ್ಧಾಂತವಲ್ಲ.

ಇಲ್ಲಿ ಸಂಪ್ರದಾಯದ ಭಾಷೆಯನ್ನು ಮೊದಲು ಬಳಸಿದವರು ಯಾರು ಎಂಬುದು ಗಮನಾರ್ಹ. ‘ನಿದ್ರೆ’, ‘ಎಚ್ಚರ’ ಎಂಬವು ವಿಜ್ಞಾನಿಗಳದೇ ಪ್ರಯೋಗಗಳು. 2023ರ ಆಗಸ್ಟ್ 31ರಂದು ಪ್ರಜ್ಞಾನ್ ರೋವರ್ ಸುತ್ತು ತಿರುಗುವ ದೃಶ್ಯವನ್ನು ಪ್ರಕಟಿಸುವಾಗ, ಚಂದಮಾಮನ ಅಂಗಳದಲ್ಲಿ ಮಗು ಆಡುತ್ತಿರುವಂತೆಯೂ ತಾಯಿ ಅಕ್ಕರೆಯಿಂದ ನೋಡುತ್ತಿರುವಂತೆಯೂ ತೋರುವುದಿಲ್ಲವೇ ಎಂಬ ಧಾಟಿಯಲ್ಲಿ ಮಾತಾಡಿದ್ದು ಇಸ್ರೊ ಸಂಸ್ಥೆಯೇ. ವಿಕ್ರಮ್ ಇಳಿದ ತಾಣಕ್ಕೆ ‘ಶಿವಶಕ್ತಿ’ ಎಂಬ ಹೆಸರನ್ನು ಪ್ರಧಾನಿಯವರು ಆಗಸ್ಟ್ 26ರಂದು ಬೆಂಗಳೂರಿನಲ್ಲಿ ಘೋಷಿಸಿದರು. 2024ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅದನ್ನು ಅಂಗೀಕರಿಸಿತು. ವಿಜ್ಞಾನಿ ‘ಚಂದಮಾಮನ ಅಂಗಳ’ ಎಂದರೆ ಅದನ್ನು ರೂಪಕವೆಂದು ತಿಳಿಯುವ ನಾವು, ಹಿರೇನಲ್ಲೂರಿನ ಅಜ್ಜಿ ಅದೇ ರೂಪಕವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದರೆ ನಂಬಿಕೆಯೆಂದು ಬರೆದುಕೊಳ್ಳುತ್ತೇವೆ. ರೂಪಕ ಕಟ್ಟುವ ಅಧಿಕಾರ ಯಾರದು ಎಂಬ ಪ್ರಶ್ನೆ ಇಲ್ಲಿದೆ.

ಹೆಸರಿನ ಗೊಂದಲವೂ ಸಣ್ಣದಲ್ಲ. ನೌಕೆಯ ವಿಕ್ರಮ್ ಎಂಬುದು ವಿಕ್ರಮ್ ಸಾರಾಭಾಯಿ ಅವರ ಸ್ಮರಣೆ. ಕೇಳುವ ಜನಪದರಿಗೆ ವಿಕ್ರಮ ಎಂದರೆ ಬೇತಾಳನನ್ನು ಹೆಗಲಿಗೇರಿಸಿದ ರಾಜ. ಒಂದೆರಡು ತಲೆಮಾರು ಆ ಕಥೆಗಳನ್ನು ಓದಿದ್ದು, 1947ರಲ್ಲಿ ಆರಂಭವಾಗಿ ಬಳಿಕ ಕನ್ನಡದಲ್ಲೂ ಬಂದ ಮಕ್ಕಳ ಮಾಸಿಕದಲ್ಲಿ. ಅದರ ಹೆಸರೂ ‘ಚಂದಮಾಮ’. ಬೇತಾಳ ಕಥೆಯಲ್ಲಿ ವಿಕ್ರಮ ಬಾಯಿ ತೆರೆದರೆ ಮಾಡಿದ ಕೆಲಸ ಕೆಡುತ್ತದೆ. 2019ರ ಸೆಪ್ಟೆಂಬರ್ 7ರಂದು ಹಿಂದಿನ ವಿಕ್ರಮ್ ನೌಕೆ ಚಂದ್ರನಿಗೆ ಎರಡು ಕಿಲೋಮೀಟರು ಚಿಲ್ಲರೆ ದೂರದಲ್ಲಿ ಮೌನವಾದಾಗ ಮಾತ್ರ ಈ ನಿಯಮ ತಿರುಗುಮುರುಗಾಯಿತು.

ಜಾನಪದ ವಿದ್ವಾಂಸರಿಗೆ ಇಂಥ ಸಂವಾದದ ಮಾದರಿ ಹೊಸತೇನಲ್ಲ. ಆರ್ನೆ-ಥಾಂಪ್ಸನ್-ಉಥರ್ ವರ್ಗಸೂಚಿಯಲ್ಲಿ 924ನೆಯ ಸಂಖ್ಯೆಯ ‘ಸನ್ನೆಯ ವಾದ’ ಎಂಬ ಕಥಾವರ್ಗ ಲೋಕದಾದ್ಯಂತ ಹಬ್ಬಿದೆ. ನಮ್ಮಲ್ಲಿ ಅದು ಕಾಳಿದಾಸನ ಐತಿಹ್ಯವಾಗಿ ಪರಿಚಿತ. ವಿದ್ಯಾವತಿಯಾದ ರಾಜಕುಮಾರಿ ಒಂದು ಬೆರಳು ತೋರಿಸುತ್ತಾಳೆ. ಕಣ್ಣು ಚುಚ್ಚುವಳೆಂದು ತಿಳಿದ ಕುರಿಗಾಹಿ ಎರಡು ಬೆರಳು ತೋರಿಸುತ್ತಾನೆ. ಆಕೆ ಅದರಲ್ಲಿ ಅದ್ವೈತ-ದ್ವೈತಗಳನ್ನು ಓದಿಕೊಂಡು ಸೋಲೊಪ್ಪುತ್ತಾಳೆ. ಈ ಕಥೆಯನ್ನು ದಡ್ಡನ ಅದೃಷ್ಟದ ಕಥೆಯೆಂದು ವರ್ಗೀಕರಿಸುವುದುಂಟು. ನನಗೆ ಅದು ಪಂಡಿತರ ಅತಿವ್ಯಾಖ್ಯಾನದ ಮೇಲಿನ ವಿಡಂಬನೆಯಾಗಿಯೇ ಕಾಣುತ್ತದೆ. ಹಿರೇನಲ್ಲೂರಿನ ಜಗಲಿಯಲ್ಲಿ ಅಜ್ಜಿ-ಮೊಮ್ಮಕ್ಕಳ ನಡುವೆ ಅರ್ಥ ತಪ್ಪಿರಲೇ ಇಲ್ಲ. ಎರಡು ಬೆರಳಲ್ಲಿ ವೇದಾಂತ ಕಂಡ ರಾಜಕುಮಾರಿಯ ಪಾತ್ರ ನನ್ನದಾಗಿತ್ತು.

ಇದೇ ಜಿಲ್ಲೆಯ ಮಲೆನಾಡಿನ ಅಂಚಿನಿಂದ ಬಂದ ಕೃತಿಯೊಂದು ಈ ಸಂಬಂಧವನ್ನು ನಮಗಿಂತ ಚೆನ್ನಾಗಿ ಅರಿತಿತ್ತು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಲ್ಲಿ ವಿಜ್ಞಾನಿ ಕರ್ವಾಲೊ ಹಳ್ಳಿಗ ಮಂದಣ್ಣನನ್ನು ಹುಟ್ಟು ನಿಸರ್ಗತಜ್ಞನೆಂದು ಗೌರವಿಸುತ್ತಾನೆ. ಪೇಚಿಗೆ ಬೀಳುವವನು ನಡುವಿನ ವಿದ್ಯಾವಂತ ನಿರೂಪಕ. ಮಂದಣ್ಣನ ಚಿಂತೆ ನೌಕರಿ ಮತ್ತು ಮದುವೆ, ಕರ್ವಾಲೊನ ಚಿಂತೆ ಹಾರುವ ಓತಿ. ಇಬ್ಬರೂ ಬೇರೆ ಬೇರೆ ಕಾರಣಕ್ಕೆ ಒಂದೇ ಕಾಡಿಗೆ ಹೋಗುತ್ತಾರೆ. ವಿಮರ್ಶೆ ಈ ಕೃತಿಯ ವಿಕಾಸವಾದದ ಬಗ್ಗೆ ಸಾಕಷ್ಟು ಬರೆದಿದೆ. ವಿಜ್ಞಾನಿಗೂ ಹಳ್ಳಿಗನಿಗೂ ದುಭಾಷಿ ಬೇಕಿಲ್ಲ, ದುಭಾಷಿಯೇ ತೊಡಕು ಎಂಬ ಅದರ ನಗೆಯ ಬಗ್ಗೆ ಬರೆದದ್ದು ಕಡಿಮೆ.

ಕಂಬಳಿಯ ಮಾತಿಗೆ ಮರಳುತ್ತೇನೆ. ಚಂದ್ರನ ಇರುಳನ್ನು ದಾಟಬೇಕಾದ ನೌಕೆಗಳಿಗೆ ಬಿಸಿಯ ಆಸರೆ ಬೇಕು. 1970ರಲ್ಲಿ ಸೋವಿಯತ್ ಒಕ್ಕೂಟ ಕಳಿಸಿದ ಲುನಖೋದ್-1 ಗಾಡಿಯಲ್ಲಿ ಪೊಲೋನಿಯಂನ ವಿಕಿರಣದಿಂದ ಕಾವು ಪಡೆಯುವ ವ್ಯವಸ್ಥೆಯಿತ್ತು. ಅದು ಹಲವು ಇರುಳುಗಳನ್ನು ಕಳೆದು ಮತ್ತೆ ಓಡಾಡಿತು. ವಿಕ್ರಮ್ ಮತ್ತು ಪ್ರಜ್ಞಾನ್‌ಗಳನ್ನು ರೂಪಿಸಿದ್ದು ಒಂದು ಚಾಂದ್ರ ಹಗಲಿಗೆ, ಎಂದರೆ ಹದಿನಾಲ್ಕು ದಿನಕ್ಕೆ ಮಾತ್ರ. ಆ ಬಗೆಯ ಕಾವಿನ ಸಾಧನ ಅವುಗಳಲ್ಲಿರಲಿಲ್ಲ. ಆದ್ದರಿಂದ ‘ಕಂಬಳಿ ಕೊಟ್ಟು ಕಳಿಸಬೇಕಿತ್ತು’ ಎಂಬುದು ತಾಂತ್ರಿಕವಾಗಿಯೂ ನೇರವಾದ ಮಾತೇ. ಇಷ್ಟು ಹೇಳಿದೊಡನೆ, ನೋಡಿ ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು ಎಂದು ಹೊರಡುವವರಿದ್ದಾರೆ. ಅದು ಮತ್ತೊಂದು ತಪ್ಪು ಓದು. ಕುರಿಮಂದೆಯ ಜೊತೆ ಬಯಲಲ್ಲಿ ಮಲಗುವವರ ಊರಿನ ಹೆಂಗಸಿಗೆ, ದೂರ ಹೊರಟವನ ಚಳಿ ಮೊದಲು ನೆನಪಾಯಿತು. ಅಷ್ಟೇ. ವಿನೋದವನ್ನು ಮೌಢ್ಯವೆಂದು ತಳ್ಳುವವರೂ ಪ್ರಾಚೀನ ವಿಜ್ಞಾನವೆಂದು ಮೆರೆಸುವವರೂ ಅದನ್ನು ವಿನೋದವಾಗಿ ಕೇಳಿಸಿಕೊಳ್ಳುವುದಿಲ್ಲ.

ಹಾಗೆಂದು ಎಲ್ಲವೂ ಆಟವೇ ಎನ್ನಲಾಗದು. ಗ್ರಹಣದಂದು ನೀರಿನ ತಟ್ಟೆಯಲ್ಲಿ ಒನಕೆ ನಿಲ್ಲಿಸುವ ರೂಢಿಯನ್ನೇ ನೋಡಿ. ಒನಕೆ ಯಾವ ದಿನವಾದರೂ ನಿಲ್ಲುತ್ತದೆ ಎಂದು ವಿಚಾರವಾದಿಗಳು ಪ್ರಯೋಗ ಮಾಡಿ ತೋರಿಸುತ್ತಾರೆ. ಜೀವಮಾನವಿಡೀ ಒನಕೆ ಹಿಡಿದ ಕೈಗಳಿಗೆ ಅದರ ಸಮತೋಲ ಗೊತ್ತಿಲ್ಲವೆಂದು ಭಾವಿಸುವುದು ಸ್ವಲ್ಪ ಅತಿಯಾಯಿತು. ಪಂಚಾಂಗಕರ್ತನೂ ಹೀಗೆಯೇ. ಅವನ ಗಣಿತದಲ್ಲಿ ರಾಹು-ಕೇತುಗಳು ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ, ಹದಿನೆಂಟೂವರೆ ವರ್ಷ ಚಿಲ್ಲರೆಯಲ್ಲಿ ಒಂದು ಸುತ್ತು ಬರುವ ಬಿಂದುಗಳು. ಅವನ ಕಥೆಯಲ್ಲಿ ಅಮೃತ ಕದ್ದು ಕುಡಿದ ರಾಕ್ಷಸ. ಎರಡನ್ನೂ ಅವನು ಬೆರೆಸುವುದಿಲ್ಲ. ಆದರೆ 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಬಳಿ ಅಂಗವಿಕಲ ಮಕ್ಕಳನ್ನು ಗುಣವಾಗಲೆಂದು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತ ಸುದ್ದಿ ಬಂತು. ಅಲ್ಲಿ ಯಾರೂ ನಗುತ್ತಿರಲಿಲ್ಲ. ಅದು ನಂಬಿಕೆ, ಮತ್ತು ಎದುರಿಸಬೇಕಾದ ನಂಬಿಕೆ. ನಮ್ಮ ಗ್ರಂಥಗಳ ‘ನಂಬಿಕೆ’ ವಿಭಾಗದಲ್ಲಿ ಹೂತ ಮಕ್ಕಳೂ ಮನೆಅಳಿಯನಾದ ವಿಕ್ರಮನೂ ಅಕ್ಕಪಕ್ಕದ ಕ್ರಮಸಂಖ್ಯೆ ಪಡೆಯುತ್ತಾರೆ. ವರ್ಗೀಕರಣದ ಈ ಸೋಮಾರಿತನಕ್ಕೆ ಬೆಲೆ ತೆರಬೇಕಾದವರು ಬೇರೆ ಯಾರೋ.

ಆಕಾಶಕ್ಕೆ ನಿಜವಾಗಿ ಹೋದವರ ವಿಷಯದಲ್ಲೂ ಈ ಬೆರಕೆಯುಂಟು. 1984ರ ಏಪ್ರಿಲ್‌ನಲ್ಲಿ ಸಲ್ಯೂತ್-7 ನಿಲ್ದಾಣಕ್ಕೆ ಹೋದ ರಾಕೇಶ್ ಶರ್ಮಾ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ ಸಿದ್ಧಪಡಿಸಿದ ಹಲ್ವ, ಪಲಾವುಗಳನ್ನು ಒಯ್ದರು. ತೂಕವಿಲ್ಲದ ಸ್ಥಿತಿಯಲ್ಲಿ ದೇಹವನ್ನು ಪಟ್ಟಿಗಳಿಂದ ಬಿಗಿದುಕೊಂಡು ಯೋಗಾಸನ ಹಾಕಿದರು. ನೆಲವೇ ಇಲ್ಲದ ಕಡೆ ಆಸನ ಎಂದರೇನು ಎಂಬ ಪ್ರಶ್ನೆಯಲ್ಲೇ ಒಂದು ಜನಪದ ಒಗಟಿದೆ.

1966ರಲ್ಲಿ ಅಲನ್ ಡಂಡೆಸ್ ‘ಮೌಖಿಕ ಸಾಹಿತ್ಯ ವಿಮರ್ಶೆ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟು, ಪಠ್ಯದ ಜೊತೆಗೆ ಅದರ ಅರ್ಥವನ್ನೂ ಜನರಿಂದಲೇ ಕೇಳಿ ದಾಖಲಿಸಬೇಕೆಂದರು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇದನ್ನು ಪಾಠ ಮಾಡುತ್ತೇವೆ, ಕ್ಷೇತ್ರದಲ್ಲಿ ಮರೆಯುತ್ತೇವೆ. ಹಾಗಾಗಿ 2024ರ ಸಂಕ್ರಾಂತಿಯ ಹೊತ್ತಿಗೆ ಮತ್ತೆ ಹಿರೇನಲ್ಲೂರಿಗೆ ಹೋದಾಗ, ಮಾವನ ಮನೆಯ ಮಾತನ್ನು ನೀವು ನಿಜವೆಂದು ನಂಬುತ್ತೀರಾ ಎಂದು ಆಕೆಯನ್ನೇ ಕೇಳಿದೆ. ‘ನೀವು ಬರ್ಕೊಂಡ್ರಲ್ಲ, ನೀವು ನಂಬಿದ್ರಾ?’ ಎಂದರು. ಆಮೇಲೆ ನಾನೇ ಹೊಸ ಸುದ್ದಿ ಹೇಳಿದೆ: ವಿಕ್ರಮನನ್ನು ಚಂದ್ರನ ಬಾಗಿಲವರೆಗೆ ಒಯ್ದ ಇನ್ನೊಂದು ನೌಕೆಯನ್ನು ಮರಳಿ ಭೂಮಿಯ ಸುತ್ತಿನ ಕಕ್ಷೆಗೆ ತಂದಿದ್ದಾರೆ, ಡಿಸೆಂಬರಿನಲ್ಲಿ ಪ್ರಕಟವಾಯಿತು. ಆಕೆ ಕ್ಷಣ ಯೋಚಿಸಿ, ‘ಮಗನ್ನ ಬಿಟ್ಟು ಬಂದೋಳಾ? ಅಣ್ಣನ ಮನೆಯಿಂದ ಬರೋವಾಗ ಮಡ್ಲಕ್ಕಿ ಕಟ್ಟಿದ್ರಾ, ಬರೀ ಮಡ್ಲಲ್ಲಿ ಕಳಿಸಿದ್ರಾ?’ ಎಂದು ಕೇಳಿದರು.

ಬರೀ ಮಡಿಲು ಎಂದೇ ಹೇಳಬೇಕಾಯಿತು. ಚಂದ್ರನ ಮಣ್ಣನ್ನು ಇಲ್ಲಿಗೆ ತರುವ ಉದ್ದೇಶದ ಚಂದ್ರಯಾನ-4ಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು ಆ ವರ್ಷದ ಸೆಪ್ಟೆಂಬರ್ 18ರಂದು. ಈ ಸಲದ ಕಾರ್ಡಿನಲ್ಲಿ ಮಾತುಗಳನ್ನು ಆಡಿದ ಕ್ರಮದಲ್ಲೇ ಬರೆದು, ಯಾರು ಯಾವಾಗ ನಕ್ಕರೆಂಬುದನ್ನು ಗುರುತು ಹಾಕಿದ್ದೇನೆ. ಶೀರ್ಷಿಕೆಯ ಜಾಗ ಇನ್ನೂ ಖಾಲಿ ಇದೆ.